ಪೊದೆಯಾಚೆಯ ರೊಟ್ಟಿ ಸದ್ದು

ಕುಕ್ಕುಂದೂರಿನಾಚೆ ಆ ಮುಳ್ಳುಗುಡ್ಡ ಸವರಿ ಮೊದಲು ಒಲೆ ಹೂಡಿದವರು ನಾವೇ. "ಇಲ್ಲಿ ಈವರೆಗೆ ಯಾರೂ ವಾಸ ಇರಲಿಲ್ಲ ಮಾನಪ್ಪ, ಬರೀ ಪಾದೆಕಲ್ಲು ಉಂಟು ಮಾರಾಯ," ಎಂದಿದ್ದರು ಜಾಗದ ಧಣಿ ಗುಣಪಾಲರು. ಕೊಪ್ಪಳದಿಂದ ಈ ಕರಾವಳಿ ಸೀಮೆಗೆ ಗಾರೆ ಕೆಲಸಕ್ಕೆ ಬಂದಿದ್ದ ನನಗೆ ಬೇಸಾಯದ ಹುಚ್ಚು.

ಒಂದು ಮಧ್ಯಾಹ್ನ ನನ್ನ ಹೆಂಡತಿ ಅಂಬವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನೀರು ಕುಡಿಯಲೆಂದು ಕೈ ನಿಲ್ಲಿಸಿದಳು. ಬಡಿಯುವ ಸದ್ದು ನಿಲ್ಲಲಿಲ್ಲ. ಅದು ಪೊದೆಯಾಚೆಯಿಂದ ಬರುತ್ತಿತ್ತು. ಸುತ್ತಮುತ್ತ ಜೋಳದ ರೊಟ್ಟಿ ಮಾಡುವ ಮನೆ ಇನ್ನೊಂದಿಲ್ಲ. ಪೊದೆ ಕಡಿದು ನೋಡಿದರೆ ಮೂರು ಕಲ್ಲಿನ ಒಲೆ, ಕಲ್ಲಿನ ತುಂಬ ಹಳೆಯ ಪಾಚಿ. ಬೂದಿಗೆ ಕೈಯಿಟ್ಟೆ, ಸುಟ್ಟಿತು.

"ಇದು ನಮ್ಮ ಜಾಗ ಅಲ್ಲರೀ, ನಡೀರಿ ಊರಿಗೆ ಹೋಗೂಣು," ಎಂದು ಅತ್ತಳು. ಮೈಮುರಿದು ಬಿತ್ತಿದ ಉದ್ದು ಬಿಟ್ಟು ಬರಲಾರೆ ಎಂದೆ. ಮಗಳನ್ನೂ ಹಿಟ್ಟಿನ ಚೀಲವನ್ನೂ ತೆಗೆದುಕೊಂಡು ಅವಳೊಬ್ಬಳೇ ಬಸ್ಸು ಹತ್ತಿದಳು. ನನಗೋ ರೊಟ್ಟಿ ಬಡಿಯಲು ಬಾರದು.

ನಿನ್ನೆ ಮಧ್ಯಾಹ್ನ ಫೋನ್ ಮಾಡಿದ್ದಳು. ಮಾತಿನ ನಡುವೆ ಏನನ್ನೋ ಆಲಿಸಿದಳು. ಆಮೇಲೆ ಮೆಲ್ಲಗೆ ಕೇಳಿದಳು: "ರೀ, ಅಲ್ಲಿ ರೊಟ್ಟಿ ಬಡಿಯಾಕತ್ತಿದವರು ಯಾರು?"

ನನ್ನ ಬಾಯಲ್ಲಿ ಬಿಸಿ ರೊಟ್ಟಿಯ ತುತ್ತಿತ್ತು.