ಹಲ್ಲಿನಲ್ಲಿ ಕಡಿದ ದಾರ

"ಲಾಯರನ್ನ ಕರ್ಕೊಂಡೇ ಹೋಗಪ್ಪ," ಎಂದ ಕಾಜಾ ಹಾಕುವ ಮುದುಕ, ಅಂಗಿಯ ಗುಂಡಿತೂತಿನಿಂದ ಕಣ್ಣೆತ್ತದೆ. "ನಿಮ್ಮಣ್ಣ ಸ್ಮಶಾನದಲ್ಲಿ ಕೂತು ದಾರ ಹೊಸೆದಿದ್ದಾನೆ. ಅವನು ಕೊಟ್ಟಿದ್ದನ್ನ ನೀನು ಮುಟ್ಟಬೇಡ. ಲಾಯರು ಬಿಚ್ಚಲಿ, ಲಾಯರು ಓದಲಿ."

ಕಟಿಂಗ್ ಮಾಸ್ಟರ್ ನಕ್ಕುಬಿಟ್ಟ. ಅಪ್ಪ ಬಿಟ್ಟುಹೋದ ಹೊಲಿಗೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವನು ಇವನು, ಹೊಲಿಯುವವನು ಅಣ್ಣ. ಅಂಗಡಿ ಯಾರಿಗೆ ಎಂಬ ಕೇಸು ಕೋರ್ಟಿನಿಂದ ಮಧ್ಯಸ್ಥಿಕೆಗೆ ಬಂದಿತ್ತು. ಅಪ್ಪನ ಕತ್ತರಿ ಮೇಜು ತಪ್ಪಿದರೆ ಇವನಿಗೆ ನಿಲ್ಲಲು ಬೇರೆ ಜಾಗವಿರಲಿಲ್ಲ.

"ಇಬ್ಬರ ಜಗಳ ಮೂರನೆಯವನಿಗೆ ಲಾಭ ತಾತ. ನಮ್ಮಣ್ಣನಿಗೆ ನಾಲ್ಕು ಜನರ ಮುಂದೆ ನಾಲ್ಕು ಮಾತು ಬರಲ್ಲ. ನನಗೆ ನನ್ನ ಬಾಯೇ ಲಾಯರು."

"ಆ ಬಾಯಿಗೇ ಕಣೋ ದಾರ ಹೊಸೆದಿರೋದು."

"ಹೊಲಿದುಬಿಟ್ರೆ ನಿನ್ನ ಹತ್ರಾನೇ ಬರ್ತೀನಿ. ಒಂದು ಕಾಜಾ ಹಾಕಿಕೊಡು."

ಮುದುಕ ಸೂಜಿ ಚುಚ್ಚಿ ದಾರ ಬಿಗಿದ.

ಮಧ್ಯಸ್ಥಿಕೆಯ ಕೋಣೆಗೆ ಕಿಟಕಿಯಿರಲಿಲ್ಲ. ಗೋಂದಿನ ವಾಸನೆ, ಹಳೆಯ ಕಾಗದದ ಮುಗ್ಗಲು. ಫ್ಯಾನು ಗಂಟಲು ಕಟ್ಟಿದವರಂತೆ ಗೊರಗುಡುತ್ತಿತ್ತು. ಅಣ್ಣ ತಲೆ ತಗ್ಗಿಸಿ ಕೂತಿದ್ದ. ಅವನ ಪಕ್ಕ ಕರಿ ಕೋಟಿನ ಲಾಯರು. ಇವನ ಪಕ್ಕದ ಕುರ್ಚಿ ಖಾಲಿ.

"ನಿಮ್ಮ ಕಡೆಯವರು?" ಎಂದರು ಮಧ್ಯಸ್ಥಗಾರ್ತಿ, ಕನ್ನಡಕದ ಮೇಲಿಂದ ನೋಡುತ್ತ.

"ನಾನೇ ಸಾಕು ಮೇಡಂ."

ಲಾಯರು ಒಪ್ಪಂದದ ಕಾಗದಗಳನ್ನು ಮುಂದೆ ತಳ್ಳಿದ. ಅಂಚಿನ ಸುತ್ತ ಕಪ್ಪು ದಾರದ ಹೊಲಿಗೆ. ಹಾಳೆ ತೆರೆಯುವಂತಿರಲಿಲ್ಲ. ಅಣ್ಣನದೇ ಕೈ, ಅವನ ಹೊಲಿಗೆ ಹೊರಗೆ ಕಾಣುವುದಿಲ್ಲ ಎಂದು ಗಿರಾಕಿಗಳು ಹೊಗಳುತ್ತಿದ್ದರು. ಇವತ್ತು ಬೇಕೆಂದೇ ಕಾಣಿಸಿದ್ದ.

"ಇದೇನು, ಕಾಗದಕ್ಕೂ ಲಂಗ ತೊಡಿಸಿದ್ದೀಯಾ?" ಎಂದ ಇವನು.

ಕತ್ತರಿ ಇರಲಿಲ್ಲ. ಮೂವತ್ತು ವರ್ಷದ ಚಾಳಿ. ದಾರದ ತುದಿಯನ್ನು ಬಲಗೈ ಬೆರಳಿಗೆ ಸುತ್ತಿಕೊಂಡ. ಬಾಯಿಗಿಟ್ಟ. ಕಟಕ್ಕನೆ ಕಡಿದ.

ಸುಟ್ಟ ಕೂದಲಿನ ವಾಸನೆ ಮೂಗಿಗೆ ಏರಿತು.

ಉಗುಳಲು ಹೋದ. ತುಟಿ ಬಿಡಲಿಲ್ಲ. ಒಳಗೆ ಏನೋ ಚುಚ್ಚಿತು. ಮತ್ತೆ ಚುಚ್ಚಿತು. ಒಸಡಿನಿಂದ ಒಸಡಿಗೆ, ಒತ್ತೊತ್ತಾಗಿ. ಹೊರಗೆ ಒಂದು ಹನಿ ರಕ್ತವಿಲ್ಲ.

ಮೇಜಿನ ಕೆಳಗೆ ಅಣ್ಣ ಬೆರಳಿಗೆ ದಾರ ಸುತ್ತುತ್ತಿದ್ದ. ನಿಧಾನವಾಗಿ. ಬಾಬಿನ್ನಿಗೆ ಸುತ್ತುವಂತೆ.

"ಅಂಗಡಿಯನ್ನ ಅಣ್ಣನಿಗೆ ಬಿಟ್ಟುಕೊಡೋಕೆ ಒಪ್ಪಿಗೆನಾ?" ಮಧ್ಯಸ್ಥಗಾರ್ತಿ ಬಿಚ್ಚಿಕೊಂಡ ಹಾಳೆ ಓದಿ ಕೇಳಿದರು.

ಇಲ್ಲ ಎನ್ನಬೇಕು. ಕೂಗಬೇಕು. ಗದ್ದ ಕೆಳಗೆ ಜಗ್ಗಿತು. ಹೌದೆಂಬಂತೆ ತಲೆ ಆಡಿತು. ಒಮ್ಮೆ. ಇನ್ನೊಮ್ಮೆ.

"ಬಾಯಿಬಿಟ್ಟು ಹೇಳಿ. ಇಲ್ಲಾಂದ್ರೆ ನಿಮ್ಮ ಪರ ಯಾರಾದ್ರೂ ಹೇಳಲಿ. ಅದೂ ಇಲ್ಲಾಂದ್ರೆ ಸಹಿ ಹಾಕಿ."

ಇವನು ಖಾಲಿ ಕುರ್ಚಿ ನೋಡಿದ. ಬಲಗೈ ತಾನಾಗಿ ಎದ್ದಿತು. ಪೆನ್ನು ಹಿಡಿಯಿತು. ಬೆರಳಿಗೆ ದಾರ ಬಿಗಿದಿತ್ತು. ಸಹಿ ಬಿತ್ತು.

"ಅಪ್ಪ ಹೋದ್ಮೇಲೆ ಹತ್ತು ವರ್ಷ ನೀನೊಬ್ಬನೇ ಮಾತಾಡ್ದೆ ತಮ್ಮಾ," ಎಂದ ಅಣ್ಣ, ಎದ್ದು ನಿಂತು. ಅವನು ಅಂದು ಆಡಿದ್ದು ಅದೊಂದೇ ಮಾತು.

ಇವನು ಬೀದಿಯಲ್ಲಿ ಓಡಿದ. ಮೂಗಿನಲ್ಲೇ ಉಸಿರು. ಅದೂ ಸಾಲುತ್ತಿರಲಿಲ್ಲ. ಮುದುಕನ ಮುಂದೆ ಕುಸಿದು ತುಟಿ ತೋರಿಸಿದ.

ಮುದುಕ ತುಟಿಯ ಸಂದಿಯನ್ನು ಬೆರಳಿನಿಂದ ಸವರಿ ನೋಡಿದ. ಅರ್ಧ ಹಾಕಿದ ಕಾಜಾ ಪಕ್ಕಕ್ಕಿಟ್ಟ. ಡಬ್ಬಿಯಿಂದ ಬ್ಲೇಡು ತೆಗೆದ.

"ಬಿಚ್ಚೋ ಹೊಲಿಗೆ ಅಲ್ಲ ಇದು. ಕಾಜಾನೇ ಹಾಕಬೇಕು," ಎಂದ. "ಅದಕ್ಕೆ ಮೊದಲು ಕೊಯ್ಯಬೇಕಪ್ಪ. ಅಲ್ಲಾಡಬೇಡ."