ಕುಕ್ಕುಂದೂರಿನ ಕಬ್ಬಿಣದ ಮುಳ್ಳು

“ಟೀಚರ್, ನಮ್ಮ ದೇವರ ಪೀಠದ ಬಳಿಯಿದ್ದ ಕಬ್ಬಿಣದ ಮುಳ್ಳು ಕಾಣುವುದಿಲ್ಲ. ನಾಳೆ ಅದನ್ನು ನೋಡಲು ಸ್ಕಾಟ್ಲೆಂಡಿನ ಹೆಂಗಸು ಬರುತ್ತಾರೆ.”

ಕುಕ್ಕುಂದೂರಿನ ರೊಸಾರಿಯೊ ಹೀಗೆ ಹೇಳಿದಾಗ ಸೋಫಿಯಾ ಟೀಚರ್ ಕಾಪುವಿನ ತಮ್ಮ ಜಗಲಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದರು. ನಿವೃತ್ತರಾದ ಮೇಲೂ ಊರವರ ಬಿಡಿಸಲಾಗದ ಗಂಟುಗಳೆಲ್ಲ ಅವರ ಬಳಿಗೇ ಬರುತ್ತಿದ್ದವು. ಪಕ್ಕದ ಮನೆಯ ಶರೀಫಾ, ಅವರ ಹಳೆಯ ವಿದ್ಯಾರ್ಥಿನಿ, ಅಂಥ ಒಂದು ಸಂಗತಿಯನ್ನೂ ತಪ್ಪಿಸಿಕೊಂಡವಳಲ್ಲ. ಅದು ಎಪ್ಪತ್ತೆಂಟರ ಜನವರಿ.

“ಎಂತ ಮುಳ್ಳು?” ಎಂದಳು ಶರೀಫಾ.

ಕುದುರೆ ಸವಾರರು ಹಿಮ್ಮಡಿಗೆ ಕಟ್ಟಿಕೊಳ್ಳುವ ಮುಳ್ಳು. ರೊಸಾರಿಯೊನ ತಾಯಿ ತೆರೆಸಾಬಾಯಿಯ ತವರಿನಿಂದ ಬಂದದ್ದು. ಹೊಸ ಅಕ್ಕಿಯ ಊಟದ ದಿನ ಅದನ್ನು ಖಾಲಿ ಬಟ್ಟಲಲ್ಲಿಟ್ಟು ಎಲ್ಲರಿಗೂ ತೋರಿಸಿ, ಆಮೇಲೆಯೇ ಅನ್ನ ಬಡಿಸುವುದು ಆ ಮನೆಯ ಪದ್ಧತಿ. ಯಾಕೆಂದು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದದ್ದು ಮಣಿಪಾಲದಲ್ಲಿ. ಈ ಸೀಮೆಗೆ ಬಂದು ಇಲ್ಲಿಯೇ ಮದುವೆಯಾಗಿ ಕಣ್ಮರೆಯಾದ ತನ್ನ ವಂಶದವನೊಬ್ಬನನ್ನು ಹುಡುಕುತ್ತ ಬಂದಿದ್ದ ಮಾರ್ಗರೆಟ್ ಕೆರ್, ಅಲ್ಲಿ ಸಿಕ್ಕ ರೊಸಾರಿಯೊನಿಂದ ಈ ಪದ್ಧತಿಯ ಮಾತು ಕೇಳಿ ಬೆರಗಾಗಿದ್ದರು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯಲ್ಲಿ ಅವರ ಹಿರಿಯರು ಕುದುರೆಯೇರಿ ದನ ದೋಚುತ್ತಿದ್ದರಂತೆ. ಅಡುಗೆಮನೆ ಬರಿದಾದಾಗ ಮನೆಯೊಡತಿ ಬಟ್ಟಲಲ್ಲಿ ಮುಳ್ಳು ಬಡಿಸುತ್ತಿದ್ದಳಂತೆ. ‘ಇನ್ನು ಹೊರಡಿ’ ಎಂದು ಅರ್ಥ.

“ಇದನ್ನು ಮನೆಯಲ್ಲಿ ಹೇಳಿದಿರಾ?” ಟೀಚರ್ ಕೇಳಿದರು.

“ನಿನ್ನೆ ರಾತ್ರಿ ಊಟಕ್ಕೆ ಕೂತಾಗ. ಬೆಳಿಗ್ಗೆ ಮುಳ್ಳಿಡುವ ಚೀಲವನ್ನು ಹೊರಗಿನಿಂದ ಮುಟ್ಟಿ ನೋಡಿದರೆ ಖಾಲಿ. ತಮ್ಮ ಅಲೆಕ್ಸ್ ಅದನ್ನು ಮಾರುವ ಅಂತ ಯಾವಾಗಲೂ ಹೇಳುತ್ತಿದ್ದ. ಅವನೇ ಇರಬೇಕು.”

ಮೂವರೂ ಕುಕ್ಕುಂದೂರು ತಲುಪಿದಾಗ ಅಲೆಕ್ಸ್ ಅಂಗಳದ ಕಂಬಕ್ಕೆ ಹಗ್ಗ ಸುತ್ತಿ ಹಸುವನ್ನು ಕಟ್ಟುತ್ತಿದ್ದ. ಮುಖ ಬಾಡಿತ್ತು. ಒಳಗೆ ಪೀಠದ ಮೇಲಿನ ಬೆಳ್ಳಿಯ ಶಿಲುಬೆ ಹಾಗೆಯೇ ಇತ್ತು. ತೊಗಲಿನ ಚೀಲವೂ ಮೊಳೆಯಲ್ಲಿ ನೇತಾಡುತ್ತಿತ್ತು, ಬಾಯಿಗೆ ದಾರ ನೀಟಾಗಿ ಸುತ್ತಿತ್ತು. ಟೀಚರ್ ದಾರ ಬಿಚ್ಚಿ, ರೊಸಾರಿಯೊನ ಕೈಯಲ್ಲಿ ಮತ್ತೆ ಸುತ್ತಿಸಿದರು. ಈ ಸಲ ಸುತ್ತು ಬೇರೆ ದಿಕ್ಕಿಗೆ ಹೋಯಿತು.

ಅಡುಗೆಮನೆಯಲ್ಲಿ ತೆರೆಸಾಬಾಯಿ ಎಡಗೈಯಲ್ಲಿ ಕಾಯಿ ಹಿಡಿದು ತುರಿಯುತ್ತಿದ್ದರು. ಬಂದವರನ್ನು ಕಂಡರೂ ತಲೆಯೆತ್ತಲಿಲ್ಲ.

ಮರುದಿನ ಮಾರ್ಗರೆಟ್ ಬಂದಾಗ ಟೀಚರ್ ಎಲ್ಲರನ್ನೂ ಚಾವಡಿಯಲ್ಲಿ ಕೂರಿಸಿದರು.

“ಬೆಳ್ಳಿ ಬಿಟ್ಟು ತುಕ್ಕು ಕಬ್ಬಿಣ ಒಯ್ಯುವ ಕಳ್ಳ ಹೊರಗಿನವನಲ್ಲ. ಅಲೆಕ್ಸನೂ ಅಲ್ಲ. ಇವರು ಬಂದು ಅದು ತಮ್ಮದೇ ಎಂದ ಮೇಲೆ ಬೆಲೆ ಏರುತ್ತದೆ, ಮಾರುವವನು ಅಲ್ಲಿಯವರೆಗೆ ಕಾಯುತ್ತಾನೆ. ಅವನು ಹಗ್ಗ ಸುತ್ತುವುದೂ ಅಣ್ಣನ ಹಾಗೆಯೇ, ಬಲಗೈಯವರ ಸುತ್ತು. ಚೀಲದ ದಾರವನ್ನು ಸುತ್ತಿದ್ದು ಎಡಗೈ. ಖಾಲಿ ಚೀಲಕ್ಕೂ ನೀಟಾಗಿ ದಾರ ಸುತ್ತುವವರು ಅದರ ಮೇಲೆ ಅಕ್ಕರೆಯಿದ್ದವರು. ಅಂಥವರು ಅದನ್ನು ಬಾವಿಗೆ ಎಸೆಯುವುದಿಲ್ಲ. ಅಡುಗೆಮನೆಯಲ್ಲಿ ಬೇರೆ ಯಾರೂ ಕೈ ಹಾಕದ ತಮ್ಮ ಜಾಗದಲ್ಲಿ ಇಡುತ್ತಾರೆ.” ಟೀಚರ್ ದನಿ ತಗ್ಗಿಸಿದರು. “ಅಕ್ಕಿ ಡಬ್ಬದಲ್ಲಿ ಉಂಟು, ಅಲ್ವಾ ತೆರೆಸಾಬಾಯಿ?”

ಮುದುಕಿ ಎದ್ದು ಹೋಗಿ, ಅಕ್ಕಿಯ ಹುಡಿ ಮೆತ್ತಿದ ಮುಳ್ಳನ್ನು ತಂದಿಟ್ಟರು.

“ರೊಸಾರಿಯೊನ ಮಗಳು ಐರಿನ್‌ಳ ಮದುವೆಯ ಮಾತು ನಡೆಯುತ್ತಾ ಉಂಟು,” ಎಂದರು. “ಅಜ್ಜಿಯದು ದರೋಡೆಕೋರರ ವಂಶ ಅಂತ ಗೊತ್ತಾದರೆ ನನ್ನ ಮೊಮ್ಮಗಳನ್ನು ಯಾರು ಒಯ್ಯುತ್ತಾರೆ?”

ರೊಸಾರಿಯೊ ತಮ್ಮನ ಕಡೆ ತಿರುಗಿ, “ತಪ್ಪಾಯಿತು ಮಾರಾಯ,” ಎಂದ. ಅಲೆಕ್ಸ್ ಅಣ್ಣನ ಪಕ್ಕಕ್ಕೆ ಸರಿದು ಕುಳಿತ.

ಟೀಚರ್ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದಾಗ ಮಾರ್ಗರೆಟರ ಕಣ್ಣು ತುಂಬಿತು. ತಾನೂ ಎಡಚಿಯೆಂದು ಕೈ ತೋರಿಸಿದರು. ಕೆರ್ ವಂಶದವರೆಲ್ಲ ಎಡಚರೆಂದು ಅಲ್ಲಿ ಮಾತೇ ಇದೆಯಂತೆ.

“ಎಡಚರು ಎಲ್ಲ ಕಡೆ ಇದ್ದಾರೆ, ಅದು ಸಾಕ್ಷಿಯಲ್ಲ,” ಎಂದರು ಟೀಚರ್. “ಆದರೆ ಖಾಲಿ ಬಟ್ಟಲಲ್ಲಿ ಮುಳ್ಳು ಬಡಿಸುವ ಮನೆ ಈ ಊರಿನಲ್ಲಿ ಇನ್ನೊಂದಿಲ್ಲ.”

ಸಂಗತಿಯನ್ನು ಮುಚ್ಚಿಡುವುದು ಬೇಡವೆಂದು ಟೀಚರ್ ಅಂದೇ ರೊಸಾರಿಯೊನನ್ನು ಉಡುಪಿಗೆ, ಐರಿನ್‌ಳಿಗೆ ನೋಡಿದ್ದ ಹುಡುಗ ಮೌರಿಸನ ಮನೆಗೆ ಕರೆದೊಯ್ದರು. ಜೊತೆಗೆ ಹೋದ ಶರೀಫಾ ಬಾಗಿಲ ಬಳಿ ನಿಂತು ಕಿವಿಗೊಟ್ಟಳು. ಮೌರಿಸನ ತಂದೆ ಪೂರ್ತಿ ಕೇಳಿ, “ಈಗಲೂ ದನ ಕದಿಯುವವರು ಇದ್ದಾರಾ?” ಎಂದರು.

“ಇಲ್ಲ.”

“ಹಾಗಾದರೆ ಎಂತ ತೊಂದರೆ? ಮದುವೆಗೆ ದಿನ ನೋಡುವ.”

ಮಾರ್ಗರೆಟ್ ಮರಳುವ ಪ್ರಯಾಣ ಮುಂದೂಡಿದರು. ಮದುವೆಯ ಹಿಂದಿನ ದಿನ ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ತೆರೆಸಾಬಾಯಿ ಮಾರ್ಗರೆಟರನ್ನು ಕೈಹಿಡಿದು ನೆಂಟರ ಸಾಲಿಗೆ ತಂದರು. ಇವರು ಯಾರೆಂದು ಯಾರೋ ಕೇಳಿದರು.

“ನಮ್ಮವಳು,” ಎಂದರು ತೆರೆಸಾಬಾಯಿ.