ಸಾವಿರನೇ ದಿನದ ಹಿತುಕಿದ ಅವರೆ

"ಅಯ್ಯೋ!"

ಗಾಂಧಿ ಬಜಾರಿನ ಸಂಜೆಯ ಗದ್ದಲದಲ್ಲಿ ವಾಚು ನೋಡುತ್ತಾ ಬಿರುಸಾಗಿ ನಡೆಯುತ್ತಿದ್ದ ಧೃತಿ ಯಾರಿಗೋ ಢಿಕ್ಕಿ ಹೊಡೆದಳು. ಮಂಕರಿ ಉರುಳಿ ಫುಟ್‌ಪಾತಿನ ತುಂಬಾ ಅವರೆಕಾಯಿ!

"ಕಣ್ಣು ದಾರಿ ಮೇಲಿರ್ಲಿ ಮೇಡಂ..." ಎಂದವನು ತಲೆಯೆತ್ತಿ ನೋಡಿದ.

ನಂದಕುಮಾರ್! ಕಾಲೇಜಿನಲ್ಲಿ ಮೂರು ವರ್ಷ ಜೊತೆಗಿದ್ದವನು. ಎರಡು ವರ್ಷದಿಂದ ಒಂದು ಮಾತೂ ಆಡದವನು... ಅಲ್ಲಿಂದೀಚೆಗೆ ಧೃತಿ ಈ ಬೀದಿಯನ್ನೇ ತಪ್ಪಿಸಿ ನಡೆಯುತ್ತಿದ್ದಳು. ಇವತ್ತು ಅವಳು ದಿನಾ ನಡೆಯುವ ಪಾರ್ಕಿನ ಗೇಟು ಮುಚ್ಚಿತ್ತು, ಬೇರೆ ದಾರಿ ಇರಲಿಲ್ಲ.

ಪಾಪ, ಅವಳಿಗೊಂದು ಹುಚ್ಚು ಹಿಡಿದಿತ್ತು. ದಿನಕ್ಕೆ ಹತ್ತು ಸಾವಿರ ಹೆಜ್ಜೆ, ಒಂದು ದಿನವೂ ತಪ್ಪದೆ ಸಾವಿರ ದಿನ! ಆಫೀಸಿನಲ್ಲಿ ಶುರುವಾದ ಪಂದ್ಯ. ಉಳಿದವರೆಲ್ಲ ಯಾವಾಗಲೋ ಕೈಬಿಟ್ಟಿದ್ದರು. ಇವಳು ಮಾತ್ರ ಜ್ವರದಲ್ಲೂ ಮನೆಯೊಳಗೇ ಸುತ್ತು ಹೊಡೆದವಳು. ಇವತ್ತೇ ಸಾವಿರನೇ ದಿನ. ಹೆಜ್ಜೆ ಎಣಿಸುವ ವಾಚಿನ ಲೆಕ್ಕದಲ್ಲಿ ಇನ್ನು ಮುನ್ನೂರು ಹೆಜ್ಜೆ ಬಾಕಿ.

"ಸಾರಿ ನಂದು, ಸ್ವಲ್ಪ ಅರ್ಜೆಂಟು..."

"ನಿನಗೆ ಯಾವತ್ತೂ ಅರ್ಜೆಂಟೇ."

ಅಷ್ಟರಲ್ಲಿ ಪಕ್ಕದ ತಮ್ಮ ತರಕಾರಿ ಅಂಗಡಿಯೊಳಗಿಂದ ಅವನ ತಾಯಿ ಮುನಿರತ್ನಮ್ಮ ಕೂಗಿದರು. "ಧೃತಿ ಅಲ್ವಾ? ಬಾರಮ್ಮ! ನೆನೆಸಿದ ಕಾಳು ರಾಶಿ ಬಿದ್ದಿದೆ, ಹಿತುಕೋಕೆ ಕೈ ಸಾಲ್ತಿಲ್ಲ. ನಾಳೆ ಇವನಿಗೆ ಹೆಣ್ಣು ನೋಡೋಕೆ ಹೊಸಕೋಟೆಗೆ ಹೋಗ್ಬೇಕು, ಇವತ್ತೇ ಮುಗಿಸ್ಬಿಡ್ಬೇಕು."

ಹೆಣ್ಣು ನೋಡೋಕೆ... ನಂದುಗೆ!

ಸಾವಿರ ದಿನ ನಿಲ್ಲದ ಕಾಲುಗಳು ಅಲ್ಲೇ ನಿಂತುಬಿಟ್ಟವು. ಅವಳು ಅಂಗಡಿಯೊಳಗೆ ಬಂದು ಕಾಳು ನೆನೆಸಿದ್ದ ಬೇಸನ್ನಿನ ಪಕ್ಕ ಕೂತು, ಬೆರಳಲ್ಲಿ ಒತ್ತಿ ಸಿಪ್ಪೆ ಜಾರಿಸುತ್ತಾ ಕಾಳು ಹಿತುಕತೊಡಗಿದಳು.

ಅವರೆಯ ಸೊಗಡು ಮೂಗಿಗೆ ಬಡಿದದ್ದೇ ತಡ, ಹಳೆಯ ಸಂಜೆಗಳೆಲ್ಲ ಕಣ್ಮುಂದೆ ಬಂದವು. ಕಾಲೇಜು ಬಿಟ್ಟು ಇಲ್ಲೇ ಕೂರುತ್ತಿದ್ದದ್ದು... ಹಿತುಕಿದ ಬೇಳೆ ಹಾರಿ ಅವನ ಕನ್ನಡಕಕ್ಕೆ ಅಂಟಿದ್ದು... ಆಮೇಲೆ ಆ ಕೊನೆಯ ಸಂಜೆ. "ಒಂದು ಮಾತು ಹೇಳ್ಬೇಕು ಧೃತಿ, ಕೂತ್ಕೋ" ಎಂದಿದ್ದ. ಅವಳು ವಾಚು ನೋಡಿ ಎದ್ದು ಹೋಗಿದ್ದಳು.

ಮುನಿರತ್ನಮ್ಮ ಗಿರಾಕಿ ನೋಡಲು ಎದ್ದರು. ಎದುರಿಗೆ ಕೂತು ಕಾಳು ಹಿತುಕುತ್ತಲೇ ನಂದಕುಮಾರ್ ತಗ್ಗಿದ ದನಿಯಲ್ಲಿ ಹೇಳಿದ.

"ಅವತ್ತು ನೀನು ಎದ್ದು ಹೋದಾಗ್ಲೇ ಅರ್ಥ ಆಯ್ತು ಬಿಡು. ತರಕಾರಿ ಮಾರೋನ ಪಕ್ಕ ಎಷ್ಟು ದಿನ ಅಂತ ಕೂರ್ತೀಯ..."

"ಥೂ, ಏನು ಮಾತು ಅಂತ ಆಡ್ತೀಯ! ಎರಡು ಸಾವಿರ ಹೆಜ್ಜೆ ಬಾಕಿ ಇತ್ತು ಕಣೋ, ಅಷ್ಟೇ! ಮುಗಿಸಿ ಓಡ್ಕೊಂಡು ಬಂದೆ. ಶಟರ್ ಎಳೆದಿತ್ತು. ನಿನಗೇ ನಾನು ಬೇಡ ಅಂದ್ಕೊಂಡೆ..."

ಅದೇ ಹೊತ್ತಿಗೆ ವಾಚು ಗುಂಯ್‌ಗುಟ್ಟಿತು. ಹತ್ತು ಸಾವಿರ!

ಧೃತಿ ಬೆಪ್ಪಾದಳು. ಅವಳು ಎದ್ದೇ ಇರಲಿಲ್ಲ. ಹಿತುಕುವ ಕೈಯ ಕುಲುಕಾಟವನ್ನೇ ಅದು ಹೆಜ್ಜೆ ಎಂದು ಎಣಿಸಿತ್ತು!

"ಕೂತಲ್ಲೇ ನಡೆದ್ಬಿಟ್ಟೆಯಲ್ಲೇ!" ನಂದು ವಾಚನ್ನು ಇಣುಕಿ ನೋಡಿ ನಕ್ಕ. ಅವಳೂ ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು.

'ಇದಕ್ಕಾಗಿಯೇ ಇವನನ್ನು ಬಿಟ್ಟು ಎದ್ದು ಹೋಗಿದ್ದೆನಾ?'

ವಾಚು ಬಿಚ್ಚಿ ಸಿಪ್ಪೆಯ ಪುಟ್ಟಿಗೆ ಹಾಕಿದಳು.

"ಹೊಸಕೋಟೆಗೆ ಹೋಗ್ಬೇಡ ನಂದು. ನನಗೆ ನೀನು ಬೇಕು. ಅವತ್ತೂ... ಇವತ್ತೂ."

ಅವನ ಕೈಯಿಂದ ಕಾಳು ಜಾರಿತು. ಮುನಿರತ್ನಮ್ಮ ಕೇಳಿಯೂ ಕೇಳದವರಂತೆ ತಕ್ಕಡಿಯ ಕಡೆ ತಿರುಗಿದರು.

"ಮತ್ತೆ... ನಾಳೆ ಎಲ್ಲಿಗೆ ಹೋಗೋದು?"

"ನಮ್ಮನೆಗೆ. ಅಮ್ಮನ್ನ ಕರ್ಕೊಂಡು ಬಾ."

"ಇಲ್ಲಿಂದ ಎಷ್ಟು ಹೆಜ್ಜೆ ಆಗುತ್ತೆ?"

ಸೊಗಡು ಅಂಟಿದ ಬೆರಳಲ್ಲೇ ಅವಳು ಅವನ ಕೈ ಹಿಡಿದಳು.

"ಎಣಿಸದೆ ಬಾ..."